ಇನ್ನೂರು ಮೀಟರಿನಾಚೆಯ ಕೊರಳು

ಶನಿವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಇಡಲು ವೈದೇಹಿ ಜಾಗ ಮಾಡಬೇಕಾಯಿತು, ಏಕೆಂದರೆ ಊಟದ ಮೇಜಿನ ಮೇಲೆ ಮೂರು ಸ್ಕೋಪ್‌ಗಳು ಮಲಗಿದ್ದವು. ಬಂದೂಕಿನ ಬೆನ್ನಿಗೆ ಬಿಗಿದು ಒಂದೇ ಕಣ್ಣಿನಿಂದ ನೋಡುವ ದುರ್ಬೀನುಗಳು. ಅವರಿದ್ದ ಉಮೆಯೊ ಪಟ್ಟಣದ ಬೇಟೆ ಸಾಮಾನಿನ ಅಂಗಡಿಯವನು ಪರೀಕ್ಷೆ ಮಾಡಿ ನೋಡಲೆಂದು ಕೊಟ್ಟಿದ್ದ. ಕೊಡುವಾಗ ಮೂರರ ಗುಣವನ್ನೂ ಅವಳ ಗಂಡ ಮಧುಸೂದನನಿಗೆ ವಿವರಿಸಿದ್ದ, ಪ್ರಶ್ನೆ ಕೇಳುತ್ತಿದ್ದವಳು ವೈದೇಹಿಯಾದರೂ. ವಿಶ್ವವಿದ್ಯಾಲಯದಲ್ಲಿ ಸ್ಪ್ರೂಸ್ ಮರದ ಬೇರುಗಳ ಮೇಲೆ ಸಂಶೋಧನೆ ಮಾಡುವ ಮಧುಸೂದನ ಗಂಭೀರವಾಗಿ ತಲೆಯಾಡಿಸಿ, ಕೊನೆಗೆ ನನಗೇನೂ ತಿಳಿಯದು, ಅವಳನ್ನು ಕೇಳಿ ಅಂದಾಗ ಅಂಗಡಿಯವನು ನಕ್ಕು, ಮತ್ತೆ ಅವನಿಗೇ ವಿವರಿಸತೊಡಗಿದ್ದ. ಈಗ ಬೆಳಗಿನ ಮಸುಕಿನಲ್ಲಿ ಮೂರೂ ಕೊಳವೆಗಳು ಒಂದೇ ಬಣ್ಣದಲ್ಲಿ ಕಾಣುತ್ತಿದ್ದವು. ಮೊದಲನೆಯದು ಗಿಡ್ಡ, ಮುಂದಿನ ಗಾಜು ದೊಡ್ಡದು, ಹನ್ನೆರಡು ಪಟ್ಟಿನವರೆಗೆ ಹಿಗ್ಗಿಸಿ ತೋರಿಸುತ್ತದೆ. ಎರಡನೆಯದು ಉದ್ದ, ಭಾರ, ಇಪ್ಪತ್ತೈದು ಪಟ್ಟು. ಮೂರನೆಯದು ಇವೆರಡರ ನಡುವಿನದು. ಒಳಗೆ ಅಡ್ಡಗೆರೆ ಉದ್ದಗೆರೆ ಕೂಡುವಲ್ಲಿ ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ. ಲೆಕ್ಕ ಕಷ್ಟದ್ದಲ್ಲ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಅಗಲ ಸಿಗುತ್ತದೆ. ಮುಸ್ಸಂಜೆಯಲ್ಲಿ ಕಣ್ಣಿನ ಪಾಪೆ ಆರೇಳು ಮಿಲಿಮೀಟರ್ ಅರಳಿ ಕಾದಿರುತ್ತದೆ. ಇಪ್ಪತ್ತೈದು ಪಟ್ಟು ಹಿಗ್ಗಿಸಿದಾಗ ಬರುವ ಬೆಳಕು ಎರಡು ಮಿಲಿಮೀಟರ್‌ನಷ್ಟೇ. ಅಂದರೆ ದೂರದ್ದು ಹತ್ತಿರ ಬರುತ್ತದೆ, ಹತ್ತಿರ ಬಂದಷ್ಟೂ ಕಪ್ಪಾಗುತ್ತದೆ.

ಮಧುಸೂದನ ಉದ್ದನೆಯದನ್ನೆತ್ತಿ ಕಿಟಕಿಯ ಕಡೆ ಹಿಡಿದ. "ಎದುರುಮನೆ ಅಜ್ಜಿ ಇವತ್ತೂ ಓಟ್ಸ್ ಗಂಜಿನೇ ತಿಂತಿದಾರೆ ಕಣೇ. ಮೇಲೆ ಜಾಮ್ ಹಾಕ್ಕೊಂಡು."

"ಕೆಳಗಿಡು ಮಧು. ಯಾರಾದ್ರೂ ನೋಡಿದ್ರೆ ಪೊಲೀಸಿಗೆ ಫೋನ್ ಮಾಡ್ತಾರೆ."

"ಬಂದೂಕಿಲ್ವಲ್ಲ."

"ಇದೆಯೋ ಇಲ್ವೋ ಅಂತ ಆ ಅಜ್ಜಿಗೆ ಹೇಗೆ ಗೊತ್ತಾಗ್ಬೇಕು?"

ಅವನು ಕೆಳಗಿಟ್ಟು ಉಪ್ಪಿಟ್ಟಿಗೆ ನಿಂಬೆಹುಳಿ ಹಿಂಡಿಕೊಂಡ. ಅವಳು ತಿನ್ನಲಿಲ್ಲ, ಲ್ಯಾಪ್‌ಟಾಪ್ ತೆರೆದು ನಕ್ಷೆ ನೋಡಿದಳು. ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಎರಡು ತಾಸಿನ ದಾರಿಯಲ್ಲಿರುವ ಒಂದು ಕೊಲ್ಲಿಯ ಆಚೆ ದಡದಲ್ಲಿ ಹಸಿರು ಚುಕ್ಕೆ ಇತ್ತು. ಪಕ್ಕದಲ್ಲಿ ಹನ್ನೊಂದು ಎಂಬ ಅಂಕಿ.

ಹನ್ನೊಂದು ಒಂದು ಹೆಣ್ಣು ರಕೂನ್ ನಾಯಿ. ನರಿಯಷ್ಟು ಗಾತ್ರ, ಗಿಡ್ಡ ಕಾಲು, ಕಣ್ಣಿನ ಸುತ್ತ ಕಪ್ಪು. ಈ ದೇಶದ್ದಲ್ಲ, ಪೂರ್ವದಿಂದ ನಡೆದು ಬಂದ ಜಾತಿ. ಕಪ್ಪೆಗಳನ್ನೂ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳನ್ನೂ ತಿಂದು ಮುಗಿಸುತ್ತದೆಂದು ಅದನ್ನು ಪೀಡೆಯ ಪಟ್ಟಿಗೆ ಸೇರಿಸಲಾಗಿದೆ. ಪೊದೆಯಲ್ಲಿ ಅಡಗುವ ಇಂಥ ಪ್ರಾಣಿಯನ್ನು ಹುಡುಕಿ ಕೊಲ್ಲುವುದು ಸುಲಭವಲ್ಲವಾದ್ದರಿಂದ ವೈದೇಹಿ ಕೆಲಸ ಮಾಡುವ ಯೋಜನೆಯವರು ಬೇರೆ ದಾರಿ ಹಿಡಿದಿದ್ದರು. ಒಂದನ್ನು ಜೀವಂತ ಹಿಡಿದು, ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿ, ಕೊರಳಿಗೆ ಉಪಗ್ರಹದ ಪಟ್ಟಿ ಕಟ್ಟಿ ಬಿಡುವುದು. ಈ ಜಾತಿ ಒಂಟಿಯಾಗಿರಲಾರದು. ಎಷ್ಟು ದೂರವಾದರೂ ನಡೆದು ಜೊತೆ ಹುಡುಕುತ್ತದೆ. ಸಿಕ್ಕಿತೆಂದು ನಕ್ಷೆ ತೋರಿಸಿದ ಮೇಲೆ ಗುರಿಕಾರ ಹೋಗಿ ಜೊತೆಯದನ್ನು ಹೊಡೆಯುತ್ತಾನೆ, ಪಟ್ಟಿಯದನ್ನು ಬಿಡುತ್ತಾನೆ. ಅದು ಮತ್ತೆ ನಡೆಯುತ್ತದೆ. ಇಂಗ್ಲಿಷ್ ಪ್ರಬಂಧಗಳಲ್ಲಿ ಇಂಥ ಪ್ರಾಣಿಗೆ, ಗುರುವನ್ನೇ ಹಿಡಿದುಕೊಟ್ಟ ಯೂದನ ಹೆಸರಿದೆ. ಅವಳ ತವರು ಗದಗಿನ ಹೊರಗೆ ಎರೆಹೊಲಗಳಲ್ಲಿ ಕೌಜುಗ ಹಿಡಿಯುವವರು ಪಂಜರದಲ್ಲೊಂದು ಸಾಕಿದ ಹಕ್ಕಿ ಇಟ್ಟು ಕೂಗಿಸುತ್ತಿದ್ದರು, ಅದಕ್ಕೆ ದೀವದ ಹಕ್ಕಿ ಎನ್ನುತ್ತಿದ್ದರು. ಶಾಲೆಯಿಂದ ಬರುವಾಗ ವೈದೇಹಿ ನಿಂತು ನೋಡಿದ್ದಳು. ಬಲೆಯಲ್ಲಿ ಬಿದ್ದವು ಒದ್ದಾಡುತ್ತಿದ್ದವು, ದೀವದ ಹಕ್ಕಿಯ ಮುಂದೆ ನವಣೆ ಇತ್ತು, ಅದರ ಮೈ ಮಾತ್ರ ಮಿರಮಿರ ಹೊಳೆಯುತ್ತಿತ್ತು. ಇದಕ್ಕೆ ಗೊತ್ತಾಗೂದಿಲ್ಲೇನ್ರಿ ಎಂದು ಕೇಳಿದ್ದಕ್ಕೆ ಹಿಡಿಯುವವನು, ಗೊತ್ತಾದರ ಕೂಗತೈತೇನವ್ವ ಅಂದಿದ್ದ. ಆ ಉತ್ತರ ಆಗ ಸರಿಯೆನಿಸಿತ್ತು. ಹನ್ನೊಂದು ಎರಡು ವರ್ಷಗಳಲ್ಲಿ ನಾಲ್ಕು ಜೊತೆಗಳನ್ನು ಕಂಡುಕೊಂಡಿತ್ತು. ನಾಲ್ಕನೆಯದನ್ನು ಹೊಡೆದ ಮೇಲೆ ಹಸಿರು ಚುಕ್ಕೆ ಅದೇ ಜಾಗಕ್ಕೆ ಹಿಂತಿರುಗಿ ಬಹಳ ಹೊತ್ತು ಅಲ್ಲಾಡಲಿಲ್ಲ. ಪಟ್ಟಿ ಕಳಚಿ ಬಿದ್ದಿದೆಯೆಂದೇ ವೈದೇಹಿ ತಿಳಿದಿದ್ದಳು. ಮರುದಿನವೂ ಅಲ್ಲೇ. ಆಮೇಲೆ ಒಂದು ಬೆಳಿಗ್ಗೆ ಅದು ಉತ್ತರಕ್ಕೆ ಹೊರಟಿತ್ತು. ವರದಿಯಲ್ಲಿ ಅವಳು ಅದನ್ನು ಸ್ಥಳನಿಷ್ಠೆ ಎಂದು ಬರೆದಿದ್ದಳು, ಅದೇ ಸರಿಯಾದ ಪಾರಿಭಾಷಿಕ ಪದ.

ಈಗ ಐದನೆಯ ಜೊತೆ ಸಿಕ್ಕಿದೆ. ಆದರೆ ಅದಕ್ಕಿಂತ ಮುಂಚೆ, ಕಳೆದ ವಸಂತದಲ್ಲಿ, ಏಳು ಎಂಬ ಇನ್ನೊಂದು ಪಟ್ಟಿಯ ಪ್ರಾಣಿ ಗುಂಡಿಗೆ ಸತ್ತಿತ್ತು. ಚಳಿಗಾಲದ ದಟ್ಟ ತುಪ್ಪಳದಲ್ಲಿ ಪಟ್ಟಿ ಹೂತುಹೋಗಿತ್ತು, ಬೆಳಕು ಕಡಿಮೆ ಇತ್ತು. ಸಮಿತಿ ಕೂತು ಮಾತಾಡಿತು. ಇನ್ನೂರು ಮೀಟರ್ ದೂರದಲ್ಲಿ, ಮುಸ್ಸಂಜೆಯಲ್ಲಿ, ಕೊರಳಪಟ್ಟಿಯನ್ನು ಖಚಿತವಾಗಿ ತೋರಿಸುವ ಸ್ಕೋಪ್ ಇದ್ದರೆ ಕೆಲಸ ಮುಂದುವರಿಯಲಿ. ಇಲ್ಲದಿದ್ದರೆ ಪಟ್ಟಿಯ ಪದ್ಧತಿಯನ್ನೇ ನಿಲ್ಲಿಸಿ, ಪಟ್ಟಿಯವುಗಳಲ್ಲಿ ಕೊನೆಯದಾದ ಹನ್ನೊಂದನ್ನೂ ಅದರ ಜೊತೆಯನ್ನೂ ಒಟ್ಟಿಗೇ ಹೊಡೆದು ಮುಗಿಸೋಣ. ಪರೀಕ್ಷೆ ಮಾಡಿ ಸೋಮವಾರ ತಿಳಿಸುವ ಜವಾಬ್ದಾರಿ ವೈದೇಹಿಯದು. ಅವಳ ಪ್ರಬಂಧಕ್ಕೆ ಬೇಕಾದ ಅಂಕಿಅಂಶ ಆಗಲೇ ಸಿಕ್ಕಿತ್ತು, ಆದ್ದರಿಂದ ಅವಳಿಗೆ ಇದರಲ್ಲಿ ಲಾಭನಷ್ಟವಿರಲಿಲ್ಲ. ಅಂದಿನ ಸಭೆಯ ಕೊನೆಗೆ ಕಾಫಿ ಸುರಿದುಕೊಳ್ಳುತ್ತ ಅಧ್ಯಕ್ಷೆ ಬಹಳ ಮೃದುವಾಗಿ, ನಿನಗೆ ಈ ಪ್ರಾಣಿಯ ಮೇಲೆ ವೈಯಕ್ತಿಕವಾದ ಅಂಟು ಏನಾದರೂ ಇದೆಯೇ, ಇದ್ದರೆ ತಪ್ಪಲ್ಲ, ಬೇರೆಯವರು ಪರೀಕ್ಷೆ ಮಾಡಬಹುದು ಎಂದು ಕೇಳಿದ್ದಳು. ಎಲ್ಲರೂ ತಮ್ಮ ತಮ್ಮ ಲೋಟ ನೋಡಿದರು. ಇಲ್ಲ ಎಂದಳು ವೈದೇಹಿ. ಇಲ್ಲ ಅನ್ನುವಾಗ ಬನ್ನಿನ ತುಣುಕು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಆ ಕೆಮ್ಮನ್ನು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತಿತ್ತು.

ದಾರಿಯಲ್ಲಿ ಅವ್ವನ ಫೋನ್ ಬಂತು. ಕಾರಿನ ಸ್ಪೀಕರಿನಲ್ಲಿ ಗದಗಿನ ಅಡುಗೆಮನೆಯ ಕುಕ್ಕರ್ ಕೂಗಿದ್ದು ಮೊದಲು ಕೇಳಿತು.

"ಎಲ್ಲಿಗೆ ಹೊಂಟೀರಿ ಇಬ್ರೂ?"

"ಕೆಲಸದ ಮ್ಯಾಲೆ ಅವ್ವಾ."

"ಶನಿವಾರ ಸುದ್ದಾ ಕೆಲಸಾನ? ಪ್ರಾಣಿಗೋಳಿಗೆ ರಜಾ ಇಲ್ಲೇನ?"

"ಅವಕ್ಕೆ ಇವತ್ತು ಕಣ್ಣಿನ ಪರೀಕ್ಷೆ ಅತ್ತೆ," ಎಂದ ಮಧುಸೂದನ, ಸ್ಟೀರಿಂಗ್ ಹಿಡಿದೇ.

"ನೋಡ್ರಿ ಮತ್ತ. ನಮಗ ಇಲ್ಲಿ ಚಷ್ಮಾ ಬದಲಿ ಮಾಡ್ಸಾಕ ಮಂದಿಲ್ಲ." ಅವ್ವ ನಕ್ಕಳು. "ಮೊನ್ನೆ ನಳಿನಿ ಕೇಳಿದಳು, ನಿಮ್ಮ ಮಗಳು ಅಲ್ಲೇನ್ ಮಾಡ್ತಾಳ ಅಂತ. ಪ್ರಾಣಿ ಪಕ್ಷಿ ಉಳಸ್ತಾಳ ಅಂದೆ. ಹೌದಲ್ಲ?"

"ಹೂಂ ಅವ್ವಾ."

ಸುಳ್ಳಲ್ಲ ಎಂದು ವೈದೇಹಿ ರಸ್ತೆಬದಿಯ ಬರ್ಚ್ ಮರಗಳನ್ನು ನೋಡುತ್ತ ಯೋಚಿಸಿದಳು. ಎಲೆ ಪೂರ್ತಿ ಉದುರಿತ್ತು. ರಕೂನ್ ನಾಯಿ ಇಲ್ಲದ ಕೊಲ್ಲಿಗಳಲ್ಲಿ ಮೊಟ್ಟೆಗಳು ಹೆಚ್ಚು ಉಳಿದಿವೆ, ಅಂಕಿ ಅವಳದೇ. ಅವ್ವ ಹೇಳಿದ ವಾಕ್ಯದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಅಪೂರ್ಣ ಎನ್ನಬಹುದು ಅಷ್ಟೆ. ಉಮೆಯೊದ ಕನ್ನಡದವರು ಸೇರಿದಾಗಲೂ ಅವಳು ವನ್ಯಜೀವಿ ಸಂರಕ್ಷಣೆ ಎಂದು ಹೇಳಿ ಪಲ್ಯದ ಪಾತ್ರೆಯ ಕಡೆ ಸರಿಯುತ್ತಿದ್ದಳು. ಇದುವರೆಗೆ ಒಂದು ಪ್ರಾಣಿ ಸಾಯುವುದನ್ನೂ ಅವಳು ಕಣ್ಣಾರೆ ನೋಡಿರಲಿಲ್ಲ. ಅವಳು ಕೊಡುತ್ತಿದ್ದುದು ಜಾಗದ ಗುರುತು ಮಾತ್ರ, ಅಕ್ಷಾಂಶ ಮತ್ತು ರೇಖಾಂಶ.

ಗುರಿಕಾರ ಸ್ಟೂರೆ ಹುಲ್ಲುಗಾವಲಿನ ಅಂಚಿನಲ್ಲಿ ಕಾಯುತ್ತಿದ್ದ. ಅರವತ್ತು ದಾಟಿದವನು, ಮಾತು ಕಡಿಮೆ. ಏಳನ್ನು ಹೊಡೆದವನು ಅವನೇ. ಅಂದು ಪಕ್ಕದಲ್ಲಿ ದುರ್ಬೀನು ಹಿಡಿದು ಕೂತಿದ್ದ ಸಹಾಯಕ, ಹಿಂದಿನದಕ್ಕೆ ಪಟ್ಟಿ ಇದೆ ಅಂದಿದ್ದ. ಸ್ಟೂರೆ ಹೌದು ಕಾಣುತ್ತಿದೆ ಎಂದು ಮುಂದಿನದನ್ನು ಹೊಡೆದಿದ್ದ. ಪಟ್ಟಿ ಇದ್ದದ್ದು ಮುಂದಿನದಕ್ಕೆ. ವಿಚಾರಣೆಯಲ್ಲೂ ಅವನು, ನಾನು ಹಿಂದಿನದರ ಕೊರಳಲ್ಲಿ ಪಟ್ಟಿ ನೋಡಿದ್ದೆ ಎಂದೇ ಹೇಳಿದ, ಸುಳ್ಳು ಹೇಳುವವನ ಮುಖ ಅದಾಗಿರಲಿಲ್ಲ. ಈ ಜಾಗವನ್ನು ಆರಿಸಿದವನೂ ಅವನೇ. ಹನ್ನೊಂದು ಕೆಲವು ದಿನಗಳಿಂದ ಈ ಕೊಲ್ಲಿಯ ಸುತ್ತ ಇದೆ, ಎದುರಾದರೆ ಅದೇ ನಿಜವಾದ ಪರೀಕ್ಷೆ ಎಂದಿದ್ದ. ವೈದೇಹಿ ಬೇಡ ಅನ್ನಲಿಲ್ಲ. ಬೇಡ ಅನ್ನಲು ಕಾರಣ ಕೊಡಬೇಕಾಗುತ್ತಿತ್ತು.

ಬಂದೂಕನ್ನು ಮರದ ಆಸರೆಯ ಮೇಲಿಟ್ಟು ಸ್ಟೂರೆ ಅದರ ಬೋಲ್ಟ್ ಎಳೆದು ತೆಗೆದ. ಅದಿಲ್ಲದೆ ಗುಂಡು ಹಾರದು. ನಳಿಗೆಯ ಮುಂದೆ ನಡೆದು ಹೋಗುವವನ ಜೇಬಿನಲ್ಲಿ ಅದು ಇರಬೇಕು, ಅದು ಅವನ ಕಟ್ಟುನಿಟ್ಟಿನ ಪದ್ಧತಿ. ಮಧುಸೂದನನ ಅಂಗೈಗೆ ಅದನ್ನಿಟ್ಟು ಬೆರಳು ಮಡಿಸಿದ.

"ಬಾಗಿಲ ಚಿಲಕದ ಥರ ಇದೆ," ಎಂದ ಮಧುಸೂದನ ಕನ್ನಡದಲ್ಲಿ. "ಜೀವಮಾನದಲ್ಲಿ ಮೊಟ್ಟೆ ಒಡೆದಿಲ್ಲ, ಈಗ ನೋಡು ನನ್ನ ಅವತಾರ."

"ಏನಂದ?" ಎಂದು ಸ್ಟೂರೆ ಕೇಳಿದ.

"ಜೋಪಾನ ಮಾಡ್ತೀನಿ ಅಂದ," ಎಂದಳು ವೈದೇಹಿ.

ಮಧುಸೂದನ ಎರಡೂ ಕಂಕುಳಲ್ಲಿ ಹೊಟ್ಟು ತುಂಬಿದ ಎರಡು ರಕೂನ್ ನಾಯಿಗಳನ್ನು ಹಿಡಿದು ಹುಲ್ಲಿನಲ್ಲಿ ನಡೆದುಹೋದ. ಎರಡೂ ಸತ್ತ ನಿಜಪ್ರಾಣಿಗಳ ಚರ್ಮ, ಚಳಿಗಾಲದ ತುಪ್ಪಳ. ಆ ತುದಿಯಲ್ಲಿ ಅವನು ತನಗೆ ತೋಚಿದ ಒಂದಕ್ಕೆ ಬ್ಯಾಟರಿ ತೆಗೆದ ಹಳೆಯ ಪಟ್ಟಿ ಕಟ್ಟಬೇಕು, ಪೊದೆಯ ಹಿಂದೆ ಸರಿಯಬೇಕು, ಫೋನ್ ಮಾಡಬೇಕು. ಇಲ್ಲಿ ವೈದೇಹಿ ಮತ್ತು ಸ್ಟೂರೆ ಒಬ್ಬರಾದ ಮೇಲೊಬ್ಬರು ನೋಡಿ, ಒಬ್ಬರಿಗೊಬ್ಬರು ಹೇಳದೆ, ಎಡವೋ ಬಲವೋ ಎಂದು ಬರೆದಿಡಬೇಕು. ಬೆಳಕು ಕುಗ್ಗುತ್ತ ಹೋದಂತೆ ಮೂರು ಸ್ಕೋಪ್‌ಗಳಲ್ಲೂ ಇದನ್ನೇ ಮತ್ತೆ ಮತ್ತೆ. ಅಕ್ಟೋಬರ್ ಕೊನೆ, ಮಧ್ಯಾಹ್ನದ ಊಟ ಅರಗುವ ಮೊದಲೇ ಇಲ್ಲಿ ಸೂರ್ಯ ಇಳಿಯುತ್ತಾನೆ. ಮೊದಮೊದಲು ಇಬ್ಬರ ಉತ್ತರಗಳೂ ಸರಿಯಾಗಿದ್ದವು. ಫೋನಿನಲ್ಲಿ ಮಧುಸೂದನ, "ಎಡಗಡೆಯೋನು ಮದುಮಗ, ಸರಿನಾ?" ಎಂದು ಖಾತ್ರಿ ಮಾಡುತ್ತಿದ್ದ. ನೀರಿನಂಚಿನ ಜೊಂಡಿನ ಬಣ್ಣ ಹುಲ್ಲಿನ ಬಣ್ಣಕ್ಕೆ ಕೂಡಿಕೊಂಡ ಮೇಲೆ ಸ್ಟೂರೆ ತಡವರಿಸತೊಡಗಿದ. ಗಿಡ್ಡನೆಯದರಲ್ಲಿ ತಪ್ಪಿದ. ಕೆಂಪು ಚುಕ್ಕೆಯದರಲ್ಲಿ ತಪ್ಪಿದ, ಆ ಚುಕ್ಕೆಯೇ ಕಣ್ಣು ಕುಕ್ಕುತ್ತದೆ ಎಂದ. ಉದ್ದನೆಯದರಲ್ಲಿ ಒಮ್ಮೆ ಸರಿ ಒಮ್ಮೆ ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ವೈದೇಹಿ ಒಮ್ಮೆಯೂ ತಪ್ಪಲಿಲ್ಲ.

"ನಿನ್ನದು ಎಳೆಯ ಕಣ್ಣು," ಎಂದ ಸ್ಟೂರೆ.

ಅವಳು ಇನ್ನೊಮ್ಮೆ ಕಣ್ಣಿಟ್ಟಳು. ಈ ಸಲ ಬೇಕೆಂದೇ ಎಲ್ಲಕ್ಕಿಂತ ಕಡಿಮೆ ಶಕ್ತಿಯ ಗಿಡ್ಡ ಸ್ಕೋಪು. ಬಲಗಡೆಯದು. ಖಂಡಿತ ಬಲಗಡೆಯದು. ಪಟ್ಟಿ ಎಲ್ಲಿ ಕಾಣುತ್ತಿದೆ ಎಂದು ತನ್ನನ್ನೇ ಕೇಳಿಕೊಂಡಳು. ಪಟ್ಟಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಹೆಗಲ ಮೇಲಿನ ತುಪ್ಪಳ ಸ್ವಲ್ಪ ಬೇರೆ ಥರ ಎದ್ದಿರುವುದು. ಜಡೆ ಬಿಚ್ಚಿದ ಮೇಲೂ ಕೂದಲಲ್ಲಿ ಉಳಿಯುವ ಮಡಿಕೆಯಂಥ ಒಂದು ಉಬ್ಬು. ಎರಡು ವರ್ಷ ಕಾಡಿನ ಕ್ಯಾಮೆರಾಗಳ ಸಾವಿರಾರು ಮಸುಕು ಚಿತ್ರಗಳನ್ನು ನೋಡಿ ನೋಡಿ ಅವಳ ಕಣ್ಣು ಅದನ್ನು ತಾನಾಗಿ ಕಲಿತಿತ್ತು. ಯಾವ ಗುರಿಕಾರನ ಕಣ್ಣೂ ಅದನ್ನು ಕಲಿತಿರುವುದಿಲ್ಲ. ಅಂದರೆ ಇಷ್ಟು ಹೊತ್ತು ಅವಳು ಪರೀಕ್ಷಿಸಿದ್ದು ಗಾಜನ್ನಲ್ಲ, ತನ್ನನ್ನು. ಈ ಪರೀಕ್ಷೆಗೆ ಇಡೀ ಯೋಜನೆಯಲ್ಲಿ ಯಾರು ಕೂರಬಾರದಿತ್ತೋ ಅವಳೇ ಕೂತಿದ್ದಳು. ಇದು ಇಷ್ಟು ತಡವಾಗಿ ಹೊಳೆದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಮರುಕ್ಷಣ ಇನ್ನೊಂದು ಹೊಳೆಯಿತು: ಅವಳ ಉತ್ತರಗಳನ್ನೇ ಮುಂದಿಟ್ಟರೆ ಉದ್ದನೆಯ ಸ್ಕೋಪಾದರೂ ಪಾಸಾಗುತ್ತದೆ, ಹನ್ನೊಂದು ಬದುಕುತ್ತದೆ.

ಮಧುಸೂದನ ಹಿಂತಿರುಗಿ ಚಿಲಕವನ್ನು ಸ್ಟೂರೆಯ ಕೈಗೆ ಒಪ್ಪಿಸಿದ. ಬೆರಳು ಮರಗಟ್ಟಿವೆ, ಫ್ಲಾಸ್ಕಿನ ಚಹಾ ನನಗೆ ಎಂದು ಹೇಳಿ ಬೊಂಬೆಗಳನ್ನೆತ್ತಿಕೊಂಡು ಕಾಡಿನಂಚಿನ ಕಾರಿನ ಕಡೆ ಹೋದ. ಅವನ ಹೆಜ್ಜೆ ಸದ್ದು ಪೂರ್ತಿ ಅಡಗಿದ ಮೇಲೆ ವೈದೇಹಿಯ ಕೋಟಿನ ಜೇಬಿನಲ್ಲಿದ್ದ ರಿಸೀವರ್ ಟಿಕ್ ಎಂದಿತು. ಹತ್ತಿರದಲ್ಲಿ ಸಂಕೇತ ಕಳಿಸುವ ಕೊರಳಪಟ್ಟಿ ಇದ್ದರೆ ಮಾತ್ರ ಅದು ಸದ್ದು ಮಾಡುತ್ತದೆ. ಟಿಕ್, ಟಿಕ್, ಒಂದೊಂದೂ ಹಿಂದಿನದಕ್ಕಿಂತ ಗಟ್ಟಿ. ಸ್ಟೂರೆ ಅವಳ ಮುಖ ನೋಡಿದ, ಅವಳು ತಲೆಯಾಡಿಸಿದಳು. ಅವನು ಉದ್ದನೆಯ ಸ್ಕೋಪನ್ನು ಬಂದೂಕಿಗೆ ಕೂರಿಸಿ, ಬೋಲ್ಟ್ ತಳ್ಳಿ, ಮಲಗಿದ. ಗಿಡ್ಡನೆಯದನ್ನು ಬೇಲಿಗೂಟದ ಮೇಲೆ ಒತ್ತಿಹಿಡಿದು ಅವಳು ನೋಡಿದಳು.

ಜೊಂಡಿನಿಂದ ಎರಡು ಪ್ರಾಣಿಗಳು ಹುಲ್ಲಿಗೆ ಬಂದವು. ಎರಡೂ ದುಂಡಗೆ, ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಸಿಕೊಂಡು, ಎರಡೂ ಒಂದೇ ಬೂದು. ಬೆನ್ನು ಇತ್ತ, ಮುಖ ನೀರಿನತ್ತ. ಒಂದು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿತು. ಇನ್ನೊಂದು ನೆಲ ಮೂಸುತ್ತ ಹಿಂದೆ ಉಳಿದಿತ್ತು. ಅದು ಬಂದು ಕೂಡುವವರೆಗೆ ಮೊದಲನೆಯದು ನಿಂತೇ ಇತ್ತು, ತಿರುಗಿ ನೋಡಲಿಲ್ಲ, ಕಾದಿತು. ಕೂಡಿದ ಮೇಲೆ ಮತ್ತೆ ನಾಲ್ಕು ಹೆಜ್ಜೆ. ವೈದೇಹಿ ಹನ್ನೊಂದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲ ಸಲ, ಆದರೆ ಮೊದಲ ಸಲ ಅನ್ನಿಸಲಿಲ್ಲ. ಕ್ಯಾಮೆರಾದ ಚಿತ್ರಗಳಲ್ಲೂ ಹಾಗೆಯೇ, ಚೌಕಟ್ಟಿನೊಳಗೆ ಮೊದಲು ಬಂದು ಅಂಚಿನಲ್ಲಿ ನಿಲ್ಲುವುದು ಹನ್ನೊಂದು. ಜೊತೆಗಾರರು ಬದಲಾದರೂ ನಿಲ್ಲುವುದು ಬದಲಾಗಿರಲಿಲ್ಲ.

"ಯಾವುದು?" ಎಂದು ಸ್ಟೂರೆ ಪಿಸುಗುಟ್ಟಿದ. "ನನಗೆ ಕಾಣ್ತಿಲ್ಲ."

ಗೊತ್ತಿಲ್ಲ ಎನ್ನಬಹುದಿತ್ತು. ಸಂಶಯವಿದ್ದರೆ ಗುಂಡು ಹಾರಿಸುವಂತಿಲ್ಲ, ನಿಯಮ. ಗಂಡು ಇವತ್ತಿಗೆ ಉಳಿಯುತ್ತಿತ್ತು. ಆದರೆ ನಿಜವಾದ ಪರೀಕ್ಷೆಯಲ್ಲಿ ಸ್ಕೋಪ್ ಸೋತಿತೆಂದು ಆಗುತ್ತಿತ್ತು, ಸೋಮವಾರದ ನಂತರ ಎರಡೂ ಇರುತ್ತಿರಲಿಲ್ಲ. ಇದನ್ನೆಲ್ಲ ತೂಗಿ ನೋಡಿ ಉತ್ತರ ಕೊಟ್ಟೆ ಎಂದು ಆಮೇಲೆ ಹೇಳಿಕೊಳ್ಳುವಂತಿದ್ದರೆ ಚೆನ್ನಾಗಿತ್ತು. ತೂಗುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು, ಸರಿಯುತ್ತರ ಗೊತ್ತಿರುವ ವಿದ್ಯಾರ್ಥಿನಿ ಕೈಯೆತ್ತಿದ ಹಾಗೆ.

"ಮುಂದಿರೋದು ನಮ್ಮದು."

"ಖಚಿತಾನಾ?"

"ಹೌದು."

ಸದ್ದು ಅವಳು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಹಿಂದಿನದು ಕೂತ ಹಾಗೆ ಆಯಿತು, ಅಷ್ಟೆ. ಮುಂದಿನದು ಜೊಂಡಿಗೆ ನುಗ್ಗಿತು.

ಇಬ್ಬರೂ ಹುಲ್ಲು ದಾಟಿ ನಡೆದರು. ಈ ದಾರಿಯಲ್ಲಿ ಅವಳಿಗೆ ಅನುಮಾನ ಶುರುವಾಯಿತು. ಅವಳು ನೋಡಿದ್ದು ಒಂದು ನಡಿಗೆಯನ್ನು. ನಡಿಗೆ ಎರಡಕ್ಕೂ ಒಂದೇ ಇರಬಹುದು, ಕಾಯುವುದನ್ನು ಗಂಡೂ ಕಲಿತಿರಬಹುದು. ನಕ್ಷೆಯಲ್ಲಿ ಗಂಡಿಗೆ ಚುಕ್ಕೆಯೇ ಇಲ್ಲ, ಅದರ ಸ್ವಭಾವ ಅವಳಿಗೇನು ಗೊತ್ತು. ಪಕ್ಕದಲ್ಲಿ ಸ್ಟೂರೆಯ ಉಸಿರು ಕೇಳುತ್ತಿತ್ತು. ಹತ್ತಿರ ಹೋದಾಗ ಅವನು ಬಾಗಲಿಲ್ಲ, ನಿಂತೇ ಇದ್ದ. ವೈದೇಹಿ ಮೊಣಕಾಲೂರಿ ಕೈಗವಸು ತೆಗೆದು ತುಪ್ಪಳದೊಳಗೆ ಬೆರಳಿಟ್ಟಳು. ಬಿಸಿ ಇತ್ತು. ಬೆರಳು ಆಳಕ್ಕೆ ಹೋದವು, ಹಿಂದಲೆಯಿಂದ ಗಂಟಲಿನವರೆಗೆ, ಮತ್ತೆ ಇನ್ನೊಂದು ಬದಿಯಿಂದ. ಏನೂ ಇರಲಿಲ್ಲ. ಬರಿಯ ಕೊರಳು. ಸತ್ತ ಪ್ರಾಣಿಯ ಕೊರಳಲ್ಲಿ ಕೈಯಿಟ್ಟುಕೊಂಡು ತನಗೆ ಆಗುತ್ತಿರುವುದು ಸಂತೋಷವೆಂದು ಗೊತ್ತಾಗಲು ಅವಳಿಗೆ ಸ್ವಲ್ಪ ಸಮಯ ಹಿಡಿಯಿತು.

"ನನಗೂ ಕಾಣಿಸ್ತು," ಎಂದ ಸ್ಟೂರೆ. ಧ್ವನಿ ಬದಲಾಗಿತ್ತು. "ನೀನು ಹೇಳಿದ ಮೇಲೆ. ಅದು ನಮ್ಮ ಕಡೆ ತಿರುಗಿತಲ್ಲ, ಆಗ ಪಟ್ಟಿ ಕಾಣಿಸ್ತು, ಕಪ್ಪು ಗೆರೆ. ಚೆನ್ನಾಗಿದೆ ಈ ಸ್ಕೋಪು. ಸೋಮವಾರ ನಾನೇ ಹೇಳ್ತೀನಿ."

ಅದು ತಿರುಗಿರಲಿಲ್ಲ. ಮೊದಲಿಂದ ಕೊನೆವರೆಗೆ ಬೆನ್ನು ಕೊಟ್ಟೇ ಇತ್ತು. ವೈದೇಹಿ ಅವನ ಮುಖ ನೋಡಿದಳು. ವಸಂತದಿಂದೀಚೆಗೆ ಅವನು ಇಷ್ಟು ಉದ್ದ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಕಣ್ಣಿಗೆ ಈಗ ಅದು ನಿಜವಾಗಿಯೂ ತಿರುಗಿತ್ತು, ಪಟ್ಟಿ ನಿಜವಾಗಿಯೂ ಕಂಡಿತ್ತು. ಅವಳು ಏನೂ ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಗುರಿಕಾರನೇ ಸಾಕ್ಷಿ, ಸ್ಕೋಪು ಪಾಸು, ಹನ್ನೊಂದಕ್ಕೆ ಜೀವ. ಮುಂದೆ ಯಾವುದೋ ಸಂಜೆ, ಅವಳಿಲ್ಲದ ಯಾವುದೋ ಕೊಲ್ಲಿಯಲ್ಲಿ ಯಾರೋ ಮುಂದಿನದು ಎನ್ನುತ್ತಾರೆ, ಗುರಿಕಾರ ಹೌದು ಕಾಣುತ್ತಿದೆ ಎನ್ನುತ್ತಾನೆ. ಆ ಸಂಜೆ ಬರುವವರೆಗಾದರೂ ಅದು ಬದುಕಿರುತ್ತದೆ.

ಅವರು ಗಂಡನ್ನು ಪ್ಲಾಸ್ಟಿಕ್ ಜಾರುಬಂಡಿಯ ಮೇಲಿಟ್ಟು ಕಾರಿನ ಕಡೆ ಎಳೆದರು. ಜೇಬಿನಲ್ಲಿ ರಿಸೀವರ್ ಟಿಕ್ ಅನ್ನುತ್ತಿತ್ತು. ಜೊಂಡಿನಿಂದ ದೂರ ಹೋದಂತೆ ಸದ್ದು ಕುಗ್ಗಬೇಕು. ಕುಗ್ಗಲಿಲ್ಲ. ಗೂಟದ ಬಳಿ ಬಂದರೂ ಅಷ್ಟೇ ಇತ್ತು, ಕಾಡಿನಂಚಿಗೆ ಬಂದರೂ ಅಷ್ಟೇ. ಆಂಟೆನಾದ ದಿಕ್ಕು ಬದಲಾಗಿದ್ದರೆ ಹೀಗಾಗುತ್ತದೆ, ಹಸಿ ಗಾಳಿಯಲ್ಲೂ ಕೆಲವೊಮ್ಮೆ ಆಗುತ್ತದೆ. ಮೂರನೆಯ ಕಾರಣವೂ ಒಂದಿತ್ತು, ಜಾರುಬಂಡಿಯ ಹಿಂದೆ ನಡೆದು ಬರಬಲ್ಲದ್ದು. ಅವಳು ಹಿಂತಿರುಗಿ ನೋಡಲಿಲ್ಲ. ಮೂರು ಕಾರಣಗಳಲ್ಲಿ ಯಾವುದು ಎಂದು ತಿಳಿಯಲು ಒಮ್ಮೆ ತಿರುಗಿದರೆ ಸಾಕಾಗಿತ್ತು, ಮತ್ತು ಅವಳ ಕಣ್ಣು ತಪ್ಪುವುದಿಲ್ಲವೆಂದು ಇವತ್ತು ಸಾಬೀತಾಗಿತ್ತು.

ಮಧುಸೂದನ ಚಹಾದ ಲೋಟ ಹಿಡಿದೇ ಬಂದು ಜಾರುಬಂಡಿ ನೋಡಿದ. ತಮಾಷೆಗೆಂದು ತೆರೆದಿದ್ದ ಬಾಯಿ ಹಾಗೇ ಇತ್ತು. "ಬೊಂಬೆ ಹಿಡ್ಕೊಂಡಾಗ ಇಷ್ಟು ಭಾರ ಇರ್ಲಿಲ್ಲ," ಎಂದ, ಅವನು ಅದನ್ನು ಎತ್ತಿಯೂ ಇರಲಿಲ್ಲ. ಆಮೇಲೆ ಅವಳ ಕೈಗೆ ಲೋಟ ಕೊಟ್ಟ. ಅವಳ ಬೆರಳಿನಲ್ಲಿ ಬೂದು ಕೂದಲು ಅಂಟಿಕೊಂಡಿತ್ತು. ಅವನು ನೋಡಿದ.

ಸ್ಟೂರೆ ಡಿಕ್ಕಿಯ ದೀಪದಲ್ಲಿ ಸ್ಕೋಪ್‌ಗಳನ್ನು ಒರೆಸಿ ಅವುಗಳ ಪೆಟ್ಟಿಗೆಗೆ ಇಡುತ್ತಿದ್ದ. "ಈ ಎರಡು ಅಂಗಡಿಗೆ ವಾಪಸ್, ಅಲ್ವಾ?" ಎಂದು ಕೇಳಿದ. "ಉದ್ದದ್ದು ನಮಗೆ."

ಜೇಬಿನಲ್ಲಿ ಟಿಕ್. ಇದು ಇನ್ನೂ ಎಷ್ಟು ಜೊತೆಗಳನ್ನು ಹುಡುಕಬಹುದು ಎಂದು ಅವಳು ಯೋಚಿಸಿದಳು. ಈ ಜಾತಿ ಏಳೆಂಟು ವರ್ಷ ಬದುಕುತ್ತದೆ. ಪ್ರತಿ ಸಲವೂ ನಕ್ಷೆಯಲ್ಲಿ ಚುಕ್ಕೆ ನಿಲ್ಲುತ್ತದೆ, ಮರುದಿನವೂ ನಿಂತಿರುತ್ತದೆ, ಆಮೇಲೆ ಹೊರಡುತ್ತದೆ, ಪ್ರತಿ ಸಲವೂ ಬೆಳಗಿನ ಉಪ್ಪಿಟ್ಟಿನ ಮುಂದೆ ಕೂತು ಅದನ್ನು ನೋಡುವವಳು ಅವಳು. ಬಾಯಿ ತೆರೆದಾಗ ತಾನು ಹೇಳಹೊರಟಿರುವುದು ನಿಜವೆಂಬ ಕಾರಣಕ್ಕೆ ಹೇಳುತ್ತಿದ್ದೇನೆಯೋ, ಆ ಚುಕ್ಕೆಯನ್ನು ಇನ್ನು ನೋಡಲಾರೆನೆಂಬ ಕಾರಣಕ್ಕೋ ಅವಳಿಗೆ ಗೊತ್ತಾಗಲಿಲ್ಲ. ಎರಡಕ್ಕೂ ಒಂದೇ ವಾಕ್ಯ ಸಾಕಾಗುತ್ತಿತ್ತು.

"ಮೂರೂ ವಾಪಸ್."

"ಯಾಕೆ? ನಾನು ನೋಡಿದೆನಲ್ಲ."

"ಅದು ನಮ್ಮ ಕಡೆ ತಿರುಗಲೇ ಇಲ್ಲ, ಸ್ಟೂರೆ. ಬೆನ್ನು ಕೊಟ್ಟೇ ನಿಂತಿತ್ತು."

ಅವನ ಕೈಯಲ್ಲಿ ಒರೆಸುವ ಬಟ್ಟೆ ನಿಂತಿತು. "ನೀನು ನೋಡಿದೆ."

"ನಾನೂ ಪಟ್ಟಿ ನೋಡಲಿಲ್ಲ. ನಡಿಗೆ ನೋಡಿದೆ. ಬೇರೆ ಯಾರಿಗೂ ಅದು ಆಗಲ್ಲ."

ಸ್ಟೂರೆ ಜೊಂಡಿನ ಕಡೆ ನೋಡಿದ, ಅಲ್ಲಿ ಈಗ ಏನೂ ಕಾಣುವಂತಿರಲಿಲ್ಲ. ಅವನ ಮುಖ ಮತ್ತೆ ವಸಂತದ ಮುಖವಾಗಿತ್ತು. "ಹಾಗಾದರೆ ಹೊಡೆಯಬೇಕಾಗಿದ್ದ ಎರಡರಲ್ಲಿ ಈಗ ಒಂದೇ ಉಳಿಯಿತು," ಎಂದ. "ಸೋಮವಾರದ ನಂತರ ಅದು ಎಲ್ಲಿದೆ ಅಂತ ನನಗೆ ನೀನೇ ಹೇಳಬೇಕಾಗುತ್ತೆ."

"ಹೇಳ್ತೀನಿ."

ಉದ್ದನೆಯ ಸ್ಕೋಪನ್ನೂ ಅವನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಕಾರು ಕಾಡುದಾರಿಯಲ್ಲಿ ಹೊರಟಾಗ ಮಧುಸೂದನ, ಅದೇನದು ಸದ್ದು, ಸೀಟ್‌ಬೆಲ್ಟಾ ಎಂದು ಕೇಳಿದ. ಅಲ್ಲ ಎಂದಳು ವೈದೇಹಿ. ಅವಳು ರಿಸೀವರ್ ಆರಿಸಲಿಲ್ಲ. ಹೆದ್ದಾರಿ ಸೇರುವಲ್ಲಿ ಆ ಟಿಕ್ ಎರಡು ಸಲ ತಪ್ಪಿತು, ಒಂದು ಸಲ ಕೇಳಿತು.